ರಬ್ಬರ್ ಕೀಲಿಗಳ ಸ್ಪೆಕ್ಟ್ರಮ್

ಹಳೆಯ ರಬ್ಬರಿಗೆ ಒಂದು ವಾಸನೆಯಿದೆ. ಬಿಸಿಲಿಗೆ ಬಿಟ್ಟ ಸೈಕಲ್ ಟ್ಯೂಬಿನದಕ್ಕೆ ಹತ್ತಿರವಾದದ್ದು. ಕಳೆದ ವಾರ ಯಡ್ರಾಮಿಯಿಂದ ಬಂದ ಹೆಣ್ಣುಮಗಳೊಬ್ಬರು ನನ್ನ ಮೇಜಿನ ಮೇಲೆ ಬಟ್ಟೆಯ ಗಂಟು ಬಿಚ್ಚಿದಾಗ ಆ ವಾಸನೆ ಬಂತು. ಒಳಗಿದ್ದುದು ಪಠ್ಯಪುಸ್ತಕದಷ್ಟೇ ಅಗಲದ, ರಬ್ಬರ್ ಕೀಲಿಗಳ ಕಪ್ಪು ಗಣಕಯಂತ್ರ, ಸ್ಪೆಕ್ಟ್ರಮ್. ತಂದವರು ನಮ್ಮ ಗಣಿತದ ಟೀಚರ್ ಅವರ ತಂಗಿ.

ಎಂಬತ್ತರ ದಶಕದ ಕೊನೆಯಲ್ಲಿ ಟೀಚರ್ ಮತ್ತು ನಾನು ಅಫಜಲಪುರದ ಒಂದೇ ಪ್ರೌಢಶಾಲೆಯಲ್ಲಿದ್ದೆವು. ನಾನು ಕನ್ನಡ ಕಲಿಸುತ್ತಿದ್ದೆ. ಶಾಲೆಗೆ ಬಂದಿದ್ದ ಗಣಕಯಂತ್ರ ಕೆನೆಬಣ್ಣದ್ದು, ಮೇಲ್ಸಾಲಿನಲ್ಲಿ ಕೆಂಪು ಕೀಲಿಗಳು. ಒತ್ತಿದರೆ ಟೈಪ್‌ರೈಟರಿನ ಗಾಂಭೀರ್ಯ. ಅದು ನನ್ನ ಮೆಚ್ಚಿನದು. ಟೀಚರ್ ತಮಗಾಗಿ ಸೊಲ್ಲಾಪುರದಿಂದ ತರಿಸಿಕೊಂಡಿದ್ದ ಸ್ಪೆಕ್ಟ್ರಮ್ಮನ್ನು ಮಾತ್ರ ನಾನು ಎಂದೂ ಸಹಿಸಲಿಲ್ಲ. ಒಂದೊಂದು ಕೀಲಿಯ ಮೇಲೂ ನಾಲ್ಕೈದು ಪದಗಳು ಕಿಕ್ಕಿರಿದಿದ್ದವು. ‘ಪಿ’ ಒತ್ತಿದರೆ ‘ಪ್ರಿಂಟ್’ ಎಂಬ ಇಡೀ ಪದವೇ ಮೂಡುತ್ತಿತ್ತು.

“ಅಕ್ಷರಕ್ಕ ಮರ್ಯಾದಿ ಇಲ್ಲದ ಯಂತ್ರರಿ ಇದು,” ಎಂದಿದ್ದೆ.

“ನಿಮ್ಮ ಸಾಹೇಬ ಗುದ್ದಿದ್ರಷ್ಟ ಮಾತಾಡ್ತಾನ್ರಿ ಸರ್. ನನ್ನ ಕರಿಯನ್ನ ಮುಟ್ಟಿದ್ರ ಸಾಕು!” ಎಂದಿದ್ದರು ಟೀಚರ್. ಶಾಲೆಯ ಕೆನೆಬಣ್ಣದ್ದು ಅವರ ಬಾಯಲ್ಲಿ ‘ಸಾಹೇಬ’, ತಮ್ಮ ಸ್ಪೆಕ್ಟ್ರಮ್ ‘ಕರಿಯ’.

ಹತ್ತನೆಯ ತರಗತಿಯ ಹುಡುಗಿಯರಿಗೆ ಅವರು ಒಂದು ಮಾತು ಕೊಟ್ಟಿದ್ದರು: ಶಾಲೆ ಬಿಡುವ ಮುನ್ನ ಪ್ರತಿಯೊಬ್ಬಳೂ ತನ್ನ ಹೆಸರನ್ನು ತಾನೇ ಪರದೆಯ ಮೇಲೆ ಬರೆಯುವಳು. ಪರೀಕ್ಷೆ ಮುಗಿದ ಬೇಸಿಗೆಗೇ ಹೆಚ್ಚಿನವರ ಮದುವೆ ನಿಶ್ಚಯವಾಗಿತ್ತು... ಆದರೆ ಯಂತ್ರ, ಆಯುಧಗಳನ್ನು ಪೂಜಿಸುವ ದಸರೆಯ ಖಂಡೇಪೂಜೆಯ ದಿನ ನಮ್ಮ ಜವಾನ ವಿಭೂತಿ ಹಚ್ಚಿ, ಶಾಲೆಯ ಗಣಕದೆದುರು ಭಕ್ತಿಯಿಂದ ಕಾಯಿ ಒಡೆದ. ನೀರೆಲ್ಲ ಕೀಲಿಗಳ ಸಂದಿಗಿಳಿಯಿತು. “ಎಲ್ಲಾ ಯಂತ್ರಕ್ಕೂ ಮಾಡಿ ಇದಕ್ಕಷ್ಟ ಬಿಟ್ರ ಹ್ಯಾಂಗ್ರಿ?” ಎಂದು ಅವನೇ ಅಳುಮೋರೆ ಮಾಡಿದ. ನನ್ನ ಸಾಹೇಬ ಮತ್ತೆ ಕಣ್ಣು ತೆರೆಯಲಿಲ್ಲ. ರಿಪೇರಿಯವನು ಬರಲಿಲ್ಲ. ಹುಡುಗಿಯರು ಕೇಳುವುದನ್ನೂ ಬಿಟ್ಟರು.

ಪರೀಕ್ಷೆಗೆ ಮುಂಚಿನ ವಾರ ಟೀಚರ್ ತಮ್ಮ ಕೈಚೀಲದಲ್ಲಿ ಕರಿಯನನ್ನು ತಂದರು. ಅದಕ್ಕೆ ಪರದೆಯಾಗಿ ಎದುರಿನ ಚಹಾದ ಹೋಟೆಲಿನ ಟಿ.ವಿ. ಬಂತು. ಹುಡುಗಿಯರು ಸಾಲುಗಟ್ಟಿದರು. ಅರ್ಧಕ್ಕೆ ಕರೆಂಟು ಹೋಯಿತು.

“ಅಯ್ಯ, ಟೀಚರ್ರೀ, ನನ್ನ ಹೆಸರ ಹೋತ್ರಿ!”

“ಹೋಗ್ಲಿ ತಗೋ. ಬಂದ ಮ್ಯಾಲ ಮತ್ತ ಬರಿ.”

ಕರೆಂಟು ಬಂತು, ಎಲ್ಲರೂ ‘ಪಿ’ ಒತ್ತಿ ‘ಪ್ರಿಂಟ್’ ಮೂಡಿಸಿ, ಅದರ ಮುಂದೆ ತಮ್ಮ ಹೆಸರು ಬರೆದರು. ಆ ‘ಪ್ರಿಂಟ್’ ಪದವನ್ನೂ ಒಂದೊಂದೇ ಅಕ್ಷರ ಒತ್ತಿ ಕಟ್ಟಿದ್ದರೆ ಚೆನ್ನಾಗಿತ್ತೆಂದು ನಾನು ಆಗಲೂ ಗೊಣಗಿದೆ. ಟೀಚರ್ ನನ್ನತ್ತ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು: “ಇವರಿಗೆ ವ್ಯಾಳ್ಯಾನೇ ಕಮ್ಮಿ ಅದರಿ ಸರ್. ಒಂದು ಒತ್ತಿದ್ರ ಇಡೀ ಮಾತು ಬರ್ಲಿ ಬಿಡ್ರಿ.”

ಅವರು ತೀರಿಕೊಂಡದ್ದು ಈ ಚಳಿಗಾಲದಲ್ಲಿ. “‘ಸರ್‌ಗೇ ಕೊಡು, ಅವರಿಗಿದು ಸೇರೋದಿಲ್ಲ’ ಅಂತ ಹೇಳಿ ಹೋದಳ್ರಿ ಅಕ್ಕ,” ಎಂದ ತಂಗಿ, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಂಜೆ ಒಬ್ಬನೇ ಕುಳಿತು ‘ಪಿ’ ಒತ್ತಿದೆ. ಪರದೆ ಇರಲಿಲ್ಲ... ಒರಟಾದ ರಬ್ಬರು ತುಸುವೇ ತಗ್ಗಿ, ನಿಧಾನವಾಗಿ ಮೇಲೆದ್ದಿತು. ನನ್ನ ಮೆಚ್ಚಿನದು ಇಂದಿಗೂ ಆ ಕೆಂಪು ಕೀಲಿಗಳದೇ. ಆದರೂ ಒರೆಸಿ ಮೇಜಿನ ಮೇಲೆ ಇಟ್ಟುಕೊಂಡಿರುವುದು ಕರಿಯನನ್ನು. “ಸೋತ್ರಿ ಸರ್,” ಎನ್ನಲು ಟೀಚರ್ ಇಲ್ಲ.