ದೊಡ್ಡಮ್ಮನ ಗೇರ್‌ಬಾಕ್ಸ್

ಕಲ್ಲು ಕ್ವಾರಿಗೆ ನೀರಿನ ಡ್ರಮ್ಮು ಸಾಗಿಸುವ ದೊಡ್ಡಮ್ಮನ ಫೋರ್‌ವೀಲ್ ಟ್ರಕ್ಕು ನಾಲ್ಕು ಲಕ್ಷ ಕಿಲೋಮೀಟರ್ ದಾಟಿತ್ತು. ಎಂಜಿನ್ನು, ಗೇರ್‌ಬಾಕ್ಸು ಎರಡೂ ಕಂಪನಿಯಿಂದ ಬಂದಾಗಿನವೇ. ಇಷ್ಟು ವರ್ಷ ಯಾರೂ ಬಿಚ್ಚಿರಲಿಲ್ಲ. ಆದರೂ ಅದನ್ನು ಮಾರಿಯೇ ತೀರಬೇಕೆಂದು ದೊಡ್ಡಪ್ಪ ಹಟ ಹಿಡಿದು ಗಿರಾಕಿಯನ್ನು ಕರೆತಂದರು. ಮಾರಲು ಮನಸ್ಸಿಲ್ಲದ ದೊಡ್ಡಮ್ಮ ಕೀಲಿಯನ್ನು ಗಿರಾಕಿಯ ಕೈಗಿಟ್ಟು ಕೇಳಿದರು:

"ಇದನ್ನ ಓಡಿಸೋಕೆ ಬರುತ್ತೇನಪ್ಪಾ?"

"ಏನಮ್ಮಾ ಹೀಗಂತೀರಿ! ವಿಮಾನ ಒಂದು ಬಿಟ್ಟು ಎಲ್ಲಾ ಓಡಿಸಿದೀನಿ."

ಆ ಹಳೇ ಗಾಡಿಯಲ್ಲಿ ಗೇರ್ ಇಳಿಸಬೇಕಾದರೆ ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಒಮ್ಮೆ ಆಕ್ಸಿಲರೇಟರ್ ಒತ್ತಬೇಕು. ದೊಡ್ಡಮ್ಮ ಅದನ್ನು ಹೇಳಲಿಲ್ಲ. ಸುಮ್ಮನೆ ಪಕ್ಕದಲ್ಲಿ ಹತ್ತಿ ಕುಳಿತರು.

ದಿಣ್ಣೆಯಲ್ಲಿ ಗಿರಾಕಿ ಗೇರ್ ಇಳಿಸಹೋದ. ಗಾಡಿ ಕರಕರ ಅರಚಿತು. ಅರಚಿದಾಗಲೆಲ್ಲ ದೊಡ್ಡಮ್ಮನ ಹಲ್ಲು ಜುಮ್ಮೆನ್ನುತ್ತಿತ್ತು.

"ಗೇರ್‌ಬಾಕ್ಸ್ ಕಥೆ ಮುಗಿದಿದೆ ಕಣಮ್ಮಾ, ನಂಗೆ ಬೇಡ," ಎಂದು ಅವನು ಇಳಿದು ನಡೆದೇಬಿಟ್ಟ.

ಹಿಂದೆ ಕುಳಿತಿದ್ದ ದೊಡ್ಡಪ್ಪ ತಲೆಯ ಮೇಲೆ ಕೈ ಹೊತ್ತರು. "ಇವತ್ತೇ ಕೈ ಕೊಡಬೇಕಿತ್ತಾ ಈ ಶನಿ?"

ದೊಡ್ಡಮ್ಮ ಸ್ಟೀರಿಂಗ್ ಹಿಡಿದರು; ದೊಡ್ಡಪ್ಪ ಮುಂದೆ ಬಂದು ಪಕ್ಕದಲ್ಲಿ ಕುಳಿತರು. ಅದೇ ದಿಣ್ಣೆಯಲ್ಲಿ ಗೇರು ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸಾಗಿ ಬಿತ್ತು. ದೊಡ್ಡಪ್ಪ ಕಣ್ಣು ಕಿರಿದು ಮಾಡಿ ಕ್ಲಚ್ಚನ್ನು ಎರಡು ಸಲ ತುಳಿದ ಅವರ ಕಾಲನ್ನೇ ನೋಡಿದರು.

"ಎಲಾ ಕಳ್ಳಿ! ಅವನಿಗೆ ಹೇಳಬಾರದಿತ್ತಾ?"

"ಕೇಳಿದ್ರೆ ಹೇಳ್ತಿದ್ದೆ."

"ಮುಂದೆ ಬರೋನಿಗಾದ್ರೂ ಹೇಳ್ತೀಯಾ?"

"ಕೇಳಿದ್ರೆ ಖಂಡಿತಾ ಹೇಳ್ತೀನಿ. ಆದ್ರೆ ಸ್ಟೀರಿಂಗ್ ಹಿಡಿದ ಗಂಡಸು ಹೆಂಗಸನ್ನ ಕೇಳಿದ್ದು ಎಲ್ಲಾದ್ರೂ ಉಂಟೇನ್ರೀ?"

ದೊಡ್ಡಪ್ಪ ನಗು ತಡೆಯಲಾರದೆ, ಮಾರುವ ಮಾತನ್ನು ಆ ದಿಣ್ಣೆಯಲ್ಲೇ ಕೈಬಿಟ್ಟರು.