ಸತ್ತೆವ್ವನ ಬಾಯಿ ತೆಗೆಸಿ ನೋಡಿದರು

ಮೈ ದಪ್ಪಗಿರುವವರೆಲ್ಲ ಹೊಟ್ಟೆಬಾಕರಲ್ಲ. ಒಂದೇ ಒಲೆಯ ರೊಟ್ಟಿ ತಿಂದ ಅಕ್ಕತಂಗಿಯರಲ್ಲಿ ಒಬ್ಬಳು ಸಣಕಲಾಗಿ, ಇನ್ನೊಬ್ಬಳು ತುಂಬಿಕೊಂಡು ಬೆಳೆಯುವುದನ್ನು ನೀವು ನಿಮ್ಮ ಮನೆಯಲ್ಲೇ ಕಂಡಿದ್ದೀರಿ. ಆದರೂ ಗೊತ್ತಿಲ್ಲದವರಂತೆ ಆಡುತ್ತೀರಿ.

ತುಕ್ಕಾನಟ್ಟಿಯ ಸತ್ತೆವ್ವ ಅಂಥ ತುಂಬಿದ ಮೈಯವಳು. ಗಂಡ ತೀರಿಕೊಂಡ ಮೇಲೆ ಕೂಲಿಯೇ ಗತಿ. ಮೊಣಕಾಲು ಹಿಡಿದುಕೊಂಡಿದ್ದರಿಂದ ಕಳೆ, ಕೊಯ್ಲು ಆಗದು. ಕೂತು ಮಾಡುವಂಥದ್ದು ಒಂದೇ: ಮುಂಗಾರಿಗೆ ಮೊದಲು ಬಿತ್ತನೆಯ ಶೇಂಗಾ ಬಿಡಿಸುವ ಕೆಲಸ. ಊರಿನ ದೊಡ್ಡ ರೈತ ಮಾಲಿಂಗಪ್ಪನವರ ಪಡಸಾಲೆಯಲ್ಲಿ ಹೆಂಗಸರು ಸುತ್ತುಗಟ್ಟಿ ಕೂತು, ಕಾಳು ಮುರಿಯದಂತೆ ಬೆರಳಿನಿಂದ ಸಿಪ್ಪೆ ಒಡೆಯುತ್ತಾರೆ. ನಡುನಡುವೆ ನಾಲ್ಕು ಕಾಳು ಬಾಯಿಗೂ ಹೋಗುತ್ತವೆ. ಮನೆಯವರು ಕಂಡೂ ಕಾಣದಂತಿರುವುದು ವಾಡಿಕೆ. ಸತ್ತೆವ್ವ ಮಾತ್ರ ಒಂದು ಕಾಳನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಆ ರಿಯಾಯಿತಿ ತನ್ನ ಮೈಗಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಸತ್ತೆವ್ವನ ಮುಂದ ಶೇಂಗಾದ ಗುಂಪಿ ಹಾಕಬ್ಯಾಡ್ರೆ, ಬಿತ್ತಾಕ ಬರೇ ಸಿಪ್ಪಿ ಉಳದೀತು!" ಎಂದು ಮಾಲಿಂಗಪ್ಪನವರ ಹೆಂಡತಿ ಗೌರಕ್ಕ ನಗುತ್ತಿದ್ದಳು. ಪಡಸಾಲೆಯೆಲ್ಲ ನಗುತ್ತಿತ್ತು.

ಹೋದ ಬೇಸಿಗೆ ಆ ನಗು ತಾಳಲಾರದೆ ಸತ್ತೆವ್ವ ಮೈ ಇಳಿಸಲು ಹೊರಟಳು. ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಬರೀ ನೀರು, ರಾತ್ರಿ ಅರ್ಧ ರೊಟ್ಟಿ. ಅದನ್ನೂ ಪಡಸಾಲೆಯಲ್ಲಿ ಬಾಜೂ ಕೂತ ಕಾಶೆವ್ವ ಆಡಿಕೊಳ್ಳದೆ ಬಿಡಲಿಲ್ಲ.

"ಯಾಕವಾ, ಸಣ್ಣಾಕಿ ಆಗಿ ಮತ್ತೊಂದು ಮದಿವಿ ಮಾಡ್ಕೊಳಾಕಿ ಏನ?"

"ಮೊಣಕಾಲ ಹಗುರ ಆದ್ರ ಸಾಕವಾ," ಎಂದಳು ಸತ್ತೆವ್ವ.

ಆ ಮನೆಯಲ್ಲಿ ಕೂಲಿಯವರಿಗೆ ಮಧ್ಯಾಹ್ನ ರೊಟ್ಟಿ ಕೊಡುತ್ತಾರೆ. ಒಂದು ದಿನ ಗೌರಕ್ಕ ತಾನೇ ಬುಟ್ಟಿ ಹಿಡಿದು ಬಂದಾಗಲೂ ಸತ್ತೆವ್ವ, "ನನಗ ಬ್ಯಾಡ್ರಿ ಅಕ್ಕಾರ," ಎಂದಳು.

ಗೌರಕ್ಕನ ಮುಖ ಬಿಗಿಯಿತು. "ಇಷ್ಟು ದೊಡ್ಡ ಮೈಯಾಕಿಗಿ ಹಸಿವಿಲ್ಲಂದ್ರ? ನಮ್ಮ ಬೀಜಾ ತಿಂದು ಹೊಟ್ಟಿ ತುಂಬೈತಿ. ಬಾಯಿ ತೆಗಿ!"

ಸ್ವಾತಂತ್ರ್ಯ ಬಂದು ಹತ್ತು ವರ್ಷ ದಾಟಿದ ನಾಡಿನಲ್ಲಿ, ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವಂತೆ, ಒಬ್ಬ ಹೆಂಗಸಿನ ಬಾಯಿ ತೆಗೆಸಿ ನೋಡಿದರು. ನೀರು ಕೊಟ್ಟು, ಮುಕ್ಕಳಿಸಿ ಕಲ್ಲಿನ ಮೇಲೆ ಉಗಿಸಿದರು. ಬಂದದ್ದು ಬರೀ ನೀರು. ಕಾಳಿನ ಚೂರೂ ಇರಲಿಲ್ಲ.

"ನುಂಗ್ಯಾಳ," ಎಂದಳು ಗೌರಕ್ಕ. "ಏಳು, ನಾಳಿಂದ ಬರಬ್ಯಾಡ."

"ಉಂಡ್ರ ಭಾಳ ಉಂಡ್ಳು ಅಂತೀರಿ, ಬಿಟ್ರ ಕದ್ದಳು ಅಂತೀರಿ. ನಾ ಹ್ಯಾಂಗ ಬದುಕಲ್ರಿ ಅಕ್ಕಾರ?"

ಕಾಶೆವ್ವನ ದವಡೆಯಲ್ಲಿ ಆಗಲೂ ಕಾಳಿತ್ತು. ಅವಳ ಬಾಯಿ ಯಾರೂ ನೋಡಲಿಲ್ಲ, ಅವಳು ಸಣಕಲಿ.

ಸುದ್ದಿ ಓಣಿ ತುಂಬ ಹಬ್ಬಿತು. "ಬೀಜಗಳ್ಳಿ" ಎಂಬ ಹೆಸರು ಬಿತ್ತು. ಈಗ ಮತ್ತೆ ಶೇಂಗಾ ಬಿಡಿಸುವ ದಿನಗಳು ಬಂದಿವೆ. ಯಾವ ಪಡಸಾಲೆಯಿಂದಲೂ ಸತ್ತೆವ್ವನಿಗೆ ಕರೆ ಹೋಗಿಲ್ಲ. ತಂಗಿಯ ಮನೆಯ ಮೂಲೆ ಹಿಡಿದಿದ್ದಾಳೆ. ಅಲ್ಲಿಯೂ ಯಾರಾದರೂ ಬಂದರೆ ತುತ್ತನ್ನು ತಾಟಿಗೇ ಹಾಕಿ ಕೈ ತೊಳೆಯುತ್ತಾಳಂತೆ.

ಶೇಂಗಾ ಬಿತ್ತುವ ರೈತರೇ, ನಿಮ್ಮಲ್ಲೊಬ್ಬರು ನಾಳೆಯೇ ಹೋಗಿ ಅವಳನ್ನು ಕೆಲಸಕ್ಕೆ ಕರೆಯಿರಿ. ಮಧ್ಯಾಹ್ನ ರೊಟ್ಟಿ ಕೊಡಿ. ಅವಳು ಉಂಡಳೋ ಬಿಟ್ಟಳೋ, ನೋಡುತ್ತ ನಿಲ್ಲಬೇಡಿ.