ಅಣ್ಣನ ಸನ್ನೆಗಳಿಗೊಂದು ಅನುದಾನ

ಟೀಚರಿಗೆ ಮಾತು ಬರುವ ಮೊದಲೇ ಸನ್ನೆ ಬರುತ್ತಿತ್ತು. ಹುಟ್ಟಿದ ಮನೆಯೇ ಅಂಥದ್ದು. ಅಣ್ಣನಿಗೆ ಹಸುಗೂಸಾಗಿದ್ದಾಗ ಬಂದ ಜ್ವರ, ಇಳಿದು ಹೋಗುವಾಗ ಅವನ ಕಿವಿಯನ್ನೂ ಕೊಂಡೊಯ್ದಿತ್ತು. ಶಾಲೆಗೆ ಸೇರಿಸಲು ಕರೆದೊಯ್ದ ಅಪ್ಪನನ್ನು ಹೆಡ್‌ಮಾಸ್ಟರು ಬಾಗಿಲಲ್ಲೇ ಕೈಮುಗಿದು ವಾಪಸು ಕಳಿಸಿದ್ದರು. ಹಾಗಾಗಿ ಅವನು ಅಮ್ಮನ ಸೆರಗು ಹಿಡಿದು ಮನೆಯಲ್ಲೇ ಬೆಳೆದ, ಆಮೇಲೆ ಅಪ್ಪನ ಹೊಲಿಗೆ ಅಂಗಡಿಯಲ್ಲಿ ಮಿಷನ್ ಮುಂದೆ ಕೂತ.

ಕಲಿಸುವವರು ಯಾರೂ ಇರಲಿಲ್ಲವಾದ್ದರಿಂದ ಅಮ್ಮ, ಮಗ ಇಬ್ಬರೂ ಸೇರಿ ತಮ್ಮದೇ ಒಂದು ಭಾಷೆ ಕಟ್ಟಿಕೊಂಡರು. ಕಿವಿಯ ಹಾಲೆ ಮುಟ್ಟಿದರೆ ಅಮ್ಮ. ಗಲ್ಲ ಸವರಿದರೆ ಅಪ್ಪ. ಕೆನ್ನೆ ಚಿವುಟಿಕೊಂಡರೆ ತಂಗಿ, ಯಾಕೆಂದರೆ ಹುಟ್ಟಿದಾಗ ಅವಳಿಗೆ ಮುಖಕ್ಕಿಂತ ಕೆನ್ನೆಯೇ ಹೆಚ್ಚಿತ್ತು. ಮೂಗಿನ ತುದಿ ತಿರುಚಿದರೆ ಸುಳ್ಳು. ಅಂಗೈ ಮೇಲೆ ಉಫ್ ಎಂದು ಊದಿ ಮುಷ್ಟಿ ಮುಚ್ಚಿದರೆ ಯಾರೋ ತೀರಿಹೋದರು ಎಂದು. ನಿನ್ನೆ, ನಾಳೆ, ಆಗಿದ್ದರೆ, ಆಗದೇ ಹೋದರೆ, ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಅತ್ತಿಗೆ ಮದುವೆಯಾಗಿ ಬಂದ ಮೇಲೆ ಅವಳೂ ಕಲಿತಳು. “ಬೇರೆಯವರ ಗಂಡಂದಿರಿಗೆ ಬೈದ್ರೆ ಕಿವಿಗೆ ಹಾಕ್ಕೊಳಲ್ಲ ಅಂತಾರೆ. ನಮ್ಮೋರು ಕಣ್ಣು ಮುಚ್ಕೊಂಡ್‌ಬಿಡ್ತಾರೆ, ಜಗಳಾನೇ ಮುಗೀತು” ಎಂದು ಅವಳು ನಗುತ್ತಿದ್ದಳು.

ತಂಗಿ ದೊಡ್ಡವಳಾಗಿ ಕಿವುಡ ಮಕ್ಕಳ ಶಾಲೆಯಲ್ಲೇ ಟೀಚರಾದಳು. ಅಲ್ಲಿ ಮಕ್ಕಳಿಗೆ ತುಟಿ ನೋಡಿ ಮಾತು ಕಲಿಸುವುದು ಪದ್ಧತಿ. ಹೊಸದಾಗಿ ಸೇರಿದ ಮಗು ತನ್ನ ಮನೆಯ ಸನ್ನೆಯಲ್ಲಿ ಏನಾದರೂ ಹೇಳಹೊರಟರೆ ಕೈ ಹಿಡಿದು ಕೆಳಗಿಳಿಸಬೇಕು. ಅವಳೂ ವರ್ಷಗಟ್ಟಲೆ ಹಾಗೆಯೇ ಮಾಡಿದಳು. ಅಮ್ಮ ತೀರಿಕೊಂಡ ದಿನ ಅಣ್ಣ ಅಂಗೈ ಮೇಲೆ ಊದಿ ಮುಷ್ಟಿ ಮುಚ್ಚಿದ. ಆಮೇಲೆ ಅಮ್ಮನೂ ತಾನೂ ಮಾತ್ರ ಬಳಸುತ್ತಿದ್ದ ಏನೋ ಒಂದು ಸನ್ನೆ ಮಾಡಿದ. ಅದು ಅವಳಿಗೆ ಅರ್ಥವಾಗಲಿಲ್ಲ. ಏನೆಂದು ಕೇಳಿದರೆ ಅವನು ಬೇಡವೆಂದು ತಲೆಯಾಡಿಸಿದ. ಅಮ್ಮನ ಜೊತೆ ಎಷ್ಟು ಮಾತು ಹೋಯಿತೋ ಎಂದು ಅವಳಿಗೆ ಹೊಳೆದದ್ದು ಆಗಲೇ.

ನಲವತ್ತು ದಾಟಿದ ಮೇಲೆ ಅವಳು ಪಿಎಚ್‌ಡಿಗೆ ಹೆಸರು ಹಚ್ಚಿದಳು. ಶಾಲೆ ಕಾಣದ ಕಿವುಡರು ಮನೆಮನೆಯಲ್ಲಿ ಕಟ್ಟಿಕೊಂಡ ಸನ್ನೆಗಳ ಅಧ್ಯಯನ, ಇದು ವಿಷಯ. ಗೈಡ್ ಆಗಿದ್ದ ಮೇಡಂ ಅರ್ಜಿ ಓದಿ ಕನ್ನಡಕ ತೆಗೆದಿಟ್ಟರು.

“ವಿಷಯ ಚೆನ್ನಾಗಿದೆ ಕಣಮ್ಮ. ಆದ್ರೆ ಇದು ಲೈಬ್ರರೀಲಿ ಕೂತು ಆಗೋ ಕೆಲಸ ಅಲ್ಲ. ಊರೂರು ತಿರುಗ್ಬೇಕು, ಕ್ಯಾಮೆರಾ ಬೇಕು, ಸಂಬಳ ಇಲ್ಲದ ರಜೆ ಹಾಕ್ಬೇಕು. ಇದಕ್ಕೆಲ್ಲ ಯಾರು ಕೊಡ್ತಾರೆ?”

“ಹುಡುಕ್ತೀನಿ ಮೇಡಂ.”

“ಹುಡುಕೋದೇ ಒಂದು ಪಿಎಚ್‌ಡಿ, ನೆನಪಿರ್ಲಿ.”

ಅವರು ತಮಾಷೆಗೆ ಹೇಳಿದ್ದು ತಮಾಷೆಯಾಗಿ ಉಳಿಯಲಿಲ್ಲ. ಶಾಲೆ ಬಿಟ್ಟ ಮೇಲೆ ಟೀಚರು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ, ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕೂತು ಫೆಲೋಶಿಪ್ಪುಗಳನ್ನು ಜಾಲಾಡತೊಡಗಿದಳು. ಕೆಲವಕ್ಕೆ ಕಡೆಯ ದಿನ ಮುಗಿದುಹೋಗಿರುತ್ತಿತ್ತು. ಕೆಲವು ವಿಜ್ಞಾನದವರಿಗೆ ಮಾತ್ರ. ತನಗೆಂದೇ ಮಾಡಿದಂತಿದ್ದ ಒಂದು ವಿದ್ಯಾರ್ಥಿವೇತನ ಸಿಕ್ಕಿತೆಂದು ಅವಳು ಖುದ್ದಾಗಿ ಆ ಕಚೇರಿಗೇ ಹೋದಳು. ಗುಮಾಸ್ತರು ಅರ್ಜಿ ತಿರುವಿ, ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟರು.

“ವಯಸ್ಸು ಮೀರಿದೆಯಲ್ಲಮ್ಮ. ಸ್ವಲ್ಪ ಮೊದಲೇ ಬರಬಾರದಿತ್ತಾ?”

“ಮೊದಲು ಅಮ್ಮ ಇದ್ರು ಸರ್. ಇಂಥದ್ದೊಂದು ಬೇಕಾಗುತ್ತೆ ಅಂತ ಗೊತ್ತಿರಲಿಲ್ಲ.”

ಗುಮಾಸ್ತರಿಗೆ ಅದು ಅರ್ಥವಾಗಲಿಲ್ಲ. ಆದರೂ ಪಾಪ ಅನ್ನಿಸಿರಬೇಕು, ಕುಡಿಯಲು ನೀರು ಕೊಟ್ಟರು.

ಇನ್ನೊಂದು ಸಂಸ್ಥೆ, ಇವು ಬರೀ ಹಾವಭಾವ, ಭಾಷೆಯಲ್ಲ ಎಂದು ಬರೆದು ವಾಪಸು ಕಳಿಸಿತು. ಶ್ರವಣಯಂತ್ರ ಮಾಡುವ ಒಂದು ಕಂಪನಿ ಮಾತ್ರ ತಾನಾಗಿಯೇ ಫೋನ್ ಮಾಡಿ, ಕೇಳಿದ್ದಕ್ಕಿಂತ ಹೆಚ್ಚೇ ಕೊಡಲು ಮುಂದೆ ಬಂತು. ಶೀರ್ಷಿಕೆ ಒಂದು ಚೂರು ಬದಲಾಗಬೇಕಿತ್ತು, ಅಷ್ಟೇ. ಮನೆಸನ್ನೆಗಳಿಂದ ಮಾತಿನ ಕಲಿಕೆಗೆ ಆಗುವ ಅಡ್ಡಿ ಎಂದು ಬರೆದುಕೊಟ್ಟರೆ ಸಾಕು. ಟೀಚರು ಒಂದು ವಾರ ಮನಸ್ಸಿನಲ್ಲೇ ತಕ್ಕಡಿ ತೂಗಿ, ಕೊನೆಗೆ ಬೇಡವೆಂದಳು.

ಅಣ್ಣನಿಗೆ ಇದನ್ನೆಲ್ಲ ವಿವರಿಸುವುದು ಇನ್ನೊಂದು ಪಾಡು. ವಿದ್ಯಾರ್ಥಿವೇತನಕ್ಕೆ ಅವರಲ್ಲಿ ಸನ್ನೆಯೇ ಇರಲಿಲ್ಲ. ಅವಳು ಸುತ್ತಿ ಬಳಸಿ ಹೇಳಿದ್ದನ್ನು ಅಣ್ಣ ಗಮನವಿಟ್ಟು ನೋಡಿ, ಅಂಗೈಯನ್ನು ಬೋಗುಣಿಯಂತೆ ಮಾಡಿ ಮುಂದೆ ಚಾಚಿದ. ಭಿಕ್ಷೆ! ಅವಳಿಗೆ ಸಿಟ್ಟು ಬಂತು. ಅಲ್ಲವೆಂದು ಹೇಳಹೊರಟವಳಿಗೆ ಅದಕ್ಕಿಂತ ಸರಿಯಾದದ್ದು ಹೊಳೆಯಲೂ ಇಲ್ಲ.

ಈ ನಡುವೆ ಅತ್ತಿಗೆ ಒಂದು ಸಂಜೆ ಅವಳನ್ನು ಬದಿಗೆ ಕರೆದಳು. “ನಿಮ್ಮಣ್ಣ ಈಗೀಗ ಸೂಜಿಗೆ ದಾರ ಪೋಣಿಸೋಕೆ ನನ್ನನ್ನೇ ಕರೀತಾರೆ. ಕಣ್ಣು ಸರಿ ಇಲ್ಲ ಅಂತಾರೆ. ನಾನು ಮೂಗು ತಿರುಚಿ ಸುಳ್ಳು ಅಂತೀನಿ. ಅದು ಕಣ್ಣಲ್ಲಮ್ಮ, ಕೈ.”

ಡಾಕ್ಟರು ಅಣ್ಣನ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿದರು. ಇದು ನಿಧಾನವಾಗಿ ಹೆಚ್ಚಾಗುವ ನಡುಕ, ಮಾತ್ರೆಯಿಂದ ಸ್ವಲ್ಪ ತಗ್ಗಿಸಬಹುದು, ನಿಲ್ಲಿಸಲಾಗದು ಎಂದರು. ಬೇರೆಯವರಿಗಾದರೆ ಕೈ ಮಾತ್ರ ಹೋಗುತ್ತದೆ. ಇವನಿಗೆ ಕೈ ಹೋದರೆ ಬಾಯಿಯೂ ಹೋದಂತೆ.

ಅವಸರ ಹತ್ತಿಕೊಂಡದ್ದು ಆವತ್ತಿನಿಂದ. ದೊಡ್ಡದೊಂದು ಪ್ರತಿಷ್ಠಾನ ಅವಳನ್ನು ಸಂದರ್ಶನಕ್ಕೆ ಕರೆದಾಗ ಅವಳು ಅಣ್ಣನನ್ನೂ ಹೊರಡಿಸಿದಳು. ಎಲ್ಲಿಗೆ, ಯಾಕೆ ಎಂದು ಬಿಡಿಸಿ ಹೇಳಲಿಲ್ಲ. ದೊಡ್ಡ ಜನರನ್ನು ನೋಡಲು ಎಂದಳು, ಅಷ್ಟೇ. ಅಣ್ಣ ಇಸ್ತ್ರಿ ಅಂಗಿ ತೊಟ್ಟು ಬಂದ.

ಉದ್ದನೆಯ ಮೇಜಿನಾಚೆ ಕೂತಿದ್ದ ಪರಿಣತರು ಒಳ್ಳೆಯವರೇ. ಪ್ರಶ್ನೆಗಳನ್ನು ಮೆತ್ತಗೆ ಕೇಳಿದರು. ಕೊನೆಗೆ ಒಬ್ಬರು, “ಅವರು ಒಂದೆರಡು ವಾಕ್ಯ ಮಾಡಿ ತೋರಿಸ್ತಾರಾ?” ಎಂದರು. ಟೀಚರು ಅಣ್ಣನ ಕಡೆ ತಿರುಗಿ, ಅಮ್ಮನ ಕಥೆ ಹೇಳು ಎಂದು ಸನ್ನೆ ಮಾಡಿದಳು. ಅಣ್ಣ ಮೇಜಿನತ್ತ ನೋಡಿದ. ತನ್ನತ್ತ ನೆಟ್ಟಿದ್ದ ಅಷ್ಟೂ ಕಣ್ಣುಗಳನ್ನು ನೋಡಿದ. ಅವನ ಬಲಗೈ ತೊಡೆಯ ಮೇಲೆ ನಡುಗುತ್ತಿತ್ತು. ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿ, ಎದ್ದು ಹೊರಗೆ ನಡೆದುಬಿಟ್ಟ.

ಫೆಲೋಶಿಪ್ ಬರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗಲೂ ಅವನು ಜೇಬಿನಿಂದ ಕೈ ತೆಗೆಯಲಿಲ್ಲ. ಮನೆಯಲ್ಲಿ ಎಷ್ಟೋ ದಿನ ತಂಗಿಯ ಜೊತೆ ಮಾತಿಲ್ಲ ಕಥೆಯಿಲ್ಲ. ಅವಳು ಎದುರಿಗೆ ಬಂದು ನಿಂತರೆ ಮಿಷನ್ ಕಡೆ ತಲೆ ತಗ್ಗಿಸುತ್ತಿದ್ದ.

“ಅಲ್ಲಮ್ಮ, ನೀವು ಓದಿದೋರು,” ಎಂದಳು ಅತ್ತಿಗೆ. “ಒಂದು ಮಾತು ಕೇಳ್ಬಹುದಿತ್ತು. ಅವರೇನು ಆಡಿಸೋ ಗೊಂಬೇನಾ?”

“ಟೈಮ್ ಇಲ್ಲ ಅಂತ ಹೆದರಿಬಿಟ್ಟೆ ಅತ್ತಿಗೆ.”

“ಹೆದರಿಕೆ ಅವರಿಗಿಲ್ವಾ? ಕೈ ಅವರದು.”

ಆ ಮಾತು ನೇರ ನಾಟಿತು. ಟೀಚರು ಅಂಗಡಿಗೆ ಇಳಿದುಹೋಗಿ, ಕತ್ತರಿಸಿದ ಬಟ್ಟೆಯ ಚೂರುಗಳ ನಡುವೆ ಅಣ್ಣನ ಎದುರು ನೆಲದ ಮೇಲೆ ಕೂತಳು. ಅವನು ತಲೆ ಎತ್ತುವವರೆಗೂ ಕಾದಳು. ಎತ್ತಿದ ಮೇಲೆ, ಮೊದಲ ಸಲ, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಅಮ್ಮ ಹೋದ ದಿನ ತನಗೆ ಅರ್ಥವಾಗದ ಸನ್ನೆ, ಶಾಲೆಯಲ್ಲಿ ತಾನು ಕೆಳಗಿಳಿಸಿದ ಪುಟ್ಟ ಕೈಗಳು, ಡಾಕ್ಟರು ಹೇಳಿದ್ದು. ಕೊನೆಗೆ, ಈ ಕೆಲಸ ಬೇಕಾ ಬೇಡವಾ, ನೀನು ಹೇಳು ಎಂದು ಕೇಳಿದಳು.

ಅಣ್ಣ ಕೈಯಲ್ಲಿದ್ದ ಬಟ್ಟೆ ಪಕ್ಕಕ್ಕಿಟ್ಟ. ಆಮೇಲೆ ತನ್ನ ಎದೆ ತೋರಿಸಿದ, ಅವಳ ಕೆನ್ನೆ ಚಿವುಟಿದ, ಎರಡು ಬೆರಳು ಜೋಡಿಸಿ ಒಟ್ಟಿಗೆ ಮುಂದಕ್ಕೆ ನಡೆಸಿದ. ಇಬ್ಬರೂ ಜೊತೆಗೆ. ಅವಳು ಕರೆದಲ್ಲಿಗೆ ಬಂದು ಕೈ ತೋರಿಸುವವನಾಗಿ ಅಲ್ಲ.

ಮುಂದಿನ ಅರ್ಜಿಯಲ್ಲಿ ಸಹಸಂಶೋಧಕರು ಎಂಬಲ್ಲಿ ಅಣ್ಣನ ಹೆಸರಿತ್ತು. ಮೇಡಂ ಓದಿ ತಲೆ ಮೇಲೆ ಕೈ ಇಟ್ಟುಕೊಂಡರು. “ಸಿಗೋದೂ ಸಿಗಲ್ಲ ಕಣಮ್ಮ ಹೀಗೆ ಬರೆದ್ರೆ.” ಆದರೂ ಸಹಿ ಹಾಕಿದರು. ನಿಜಕ್ಕೂ ಎರಡು ಕಡೆ ಸಿಗಲಿಲ್ಲ. ಮೂರನೆಯದು, ತೀರಿಹೋದ ಶಾಲಾ ಮೇಷ್ಟ್ರೊಬ್ಬರ ನೆನಪಿಗೆ ಮಕ್ಕಳು ಇಟ್ಟಿದ್ದ ಸಣ್ಣ ನಿಧಿ. ಅದರ ಕಾರ್ಯದರ್ಶಿ ಫೋನ್ ಮಾಡಿದರು.

“ನಿಮ್ಮ ಜೊತೆಯವರ ವಿದ್ಯಾರ್ಹತೆ ಬರೆಯೋದು ಮರ್ತಿದ್ದೀರಿ.”

“ಮರ್ತಿಲ್ಲ ಸರ್. ಅವರು ಶಾಲೆಗೆ ಹೋಗಿಲ್ಲ.”

“ಮತ್ತೆ ಸಂಶೋಧನೇಲಿ ಅವರ ಕೆಲಸ ಏನು?”

“ಯಾರ ಮನೆಗೆ ಹೋಗೋದು, ಏನು ಕೇಳೋದು, ಯಾವುದನ್ನ ಚಿತ್ರೀಕರಿಸಬಾರದು, ಎಲ್ಲಾ ಇಬ್ಬರೂ ಸೇರಿ ತೀರ್ಮಾನ ಮಾಡ್ತೀವಿ ಸರ್. ಅವರು ಒಪ್ಪದಿದ್ರೆ ನಾನು ಬರೆಯೋ ಹಾಗಿಲ್ಲ.”

“ನಮ್ಮಲ್ಲಿ ಹೀಗೆ ಯಾರೂ ಕೇಳಿಲ್ಲ. ಸಮಿತಿ ಮುಂದೆ ಇಡ್ತೀನಿ. ಭರವಸೆ ಕೊಡಲ್ಲ,” ಎಂದರು.

ಸಮಿತಿ ಒಂದು ವರ್ಷಕ್ಕೆ ಮಾತ್ರ ಒಪ್ಪಿತು, ಅದೂ ಕೇಳಿದ್ದರಲ್ಲಿ ಸ್ವಲ್ಪ ಕಡಿತ ಮಾಡಿ. ಆದರೆ ಮಂಜೂರಾತಿ ಪತ್ರ ಇಬ್ಬರ ಹೆಸರಿಗೂ ಬಂತು. ಅತ್ತಿಗೆ ಅಂಗಡಿಗೆ ಬೀಗ ಹಾಕಿ ತಾನೂ ಹೊರಟಳು. ಅಣ್ಣನ ಮಾತ್ರೆಯ ಜವಾಬ್ದಾರಿ ಅವಳದು.

ಮೂವರೂ ತಿರುಗಿದ ಮನೆಗಳಲ್ಲಿ ಒಂದು ಟೀಚರಿಗೆ ಮರೆಯಲಾಗದು. ಅಲ್ಲಿ ವಯಸ್ಸಾದ ತಂದೆಯೊಂದಿಗೆ ನಡುವಯಸ್ಸಿನ ಕಿವುಡ ಹೆಂಗಸೊಬ್ಬಳಿದ್ದಳು. ಟೀಚರು ಹಿಂದೊಮ್ಮೆ ಒಬ್ಬಳೇ ಹೋದಾಗ ಆಕೆ ಅಡುಗೆಮನೆ ಬಾಗಿಲ ಹಿಂದಿನಿಂದ ಈಚೆ ಬಂದಿರಲೇ ಇಲ್ಲ. ಈ ಸಲ ಅಣ್ಣ ಕ್ಯಾಮೆರಾ ಚೀಲದಿಂದ ತೆಗೆಯಲೇ ಬಿಡಲಿಲ್ಲ. ಹೊಸ್ತಿಲ ಹತ್ತಿರ ಕೂತ. ಹೆಂಗಸಿನ ಸ್ವೆಟರಿನ ತೋಳು ಬಿಚ್ಚಿಕೊಂಡಿದ್ದು ಅವನ ಕಣ್ಣಿಗೆ ಬಿತ್ತು. ಕಿಸೆಯಿಂದ ಸೂಜಿ, ದಾರ ತೆಗೆದು ತೋಳಿನತ್ತ ಬೆರಳು ತೋರಿಸಿದ. ಆಮೇಲೆ ದಾರ ಪೋಣಿಸಹೊರಟ. ಆಗಲಿಲ್ಲ. ಮತ್ತೆ ಪ್ರಯತ್ನಿಸಿದ. ಕೈ ಸೂಜಿಯನ್ನು ಬಿಟ್ಟು ಎಲ್ಲೆಲ್ಲೋ ಹೋಗುತ್ತಿತ್ತು. ಟೀಚರು ನೆರವಿಗೆ ಮುಂದಾದರೆ ಅತ್ತಿಗೆ ಅವಳ ಮೊಣಕೈ ಹಿಡಿದು ತಡೆದಳು.

ಬಾಗಿಲ ಹಿಂದಿನಿಂದ ಹೆಂಗಸು ಈಚೆ ಬಂದಳು. ಅವನ ಕೈಯಿಂದ ಸೂಜಿ ಕಿತ್ತುಕೊಂಡು ಒಂದೇ ಸಲಕ್ಕೆ ದಾರ ಪೋಣಿಸಿ ವಾಪಸು ಕೊಟ್ಟಳು. ಕೊಟ್ಟು, ಬೆರಳುಗಳನ್ನು ಎಲೆ ಅಲುಗಿದಂತೆ ಅಲುಗಿಸಿ ಹುಬ್ಬು ಹಾರಿಸಿದಳು. ನಿನ್ನ ಕೈಗೇನಾಯಿತು? ಅಣ್ಣ ತನ್ನ ಸನ್ನೆಯಲ್ಲಿ ಹೇಳಿದ. ಅವಳಿಗೆ ಅರ್ಧ ಅರ್ಥವಾಯಿತು, ಉಳಿದರ್ಧವನ್ನು ಮತ್ತೆ ಕೇಳಿದಳು. ಒಂದೇ ಒಂದು ಸನ್ನೆಯೂ ಮೊದಲು ಹೊಂದದ ಎರಡು ಮನೆಗಳ ಭಾಷೆಗಳು ಅಲ್ಲೇ ಹೊಸ್ತಿಲಲ್ಲಿ ಒಂದಕ್ಕೊಂದು ಒಗ್ಗಿಕೊಳ್ಳತೊಡಗಿದವು. ಸಂಜೆಯ ಹೊತ್ತಿಗೆ ಕ್ಯಾಮೆರಾ ತೆಗೆಯಬಹುದೆಂದು ಹೇಳಿದವಳು ಆ ಹೆಂಗಸೇ. ಅವಳ ತಂದೆ ಗೋಡೆಗೊರಗಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. “ನಾನು ಸತ್ರೆ ಇವಳು ಯಾರ ಹತ್ರ ಮಾತಾಡ್ತಾಳೆ ಅಂತಿದ್ದೆ,” ಎಂದರು.

ವರ್ಷ ಮುಗಿಯುವಷ್ಟರಲ್ಲಿ ಅಣ್ಣನ ಬಲಗೈ ಮಾತಿಗೆ ಬಾರದಂತಾಯಿತು. ಎಡಗೈಯಲ್ಲಿ ಹೇಳಿದ, ಅದು ತೊದಲುವಂತಾದಾಗ ಕಣ್ಣು ಹುಬ್ಬುಗಳಲ್ಲಿ ಹೇಳಿದ. ವಿಶ್ವವಿದ್ಯಾಲಯದ ನಿಯಮದಂತೆ ಪ್ರಬಂಧದ ಮೇಲೆ ಒಂದೇ ಹೆಸರು ಬಂತು. ನಿಧಿಯವರು ಅಚ್ಚು ಹಾಕಿಸಿದ ಸನ್ನೆಗಳ ಪುಸ್ತಕದ ಮೇಲೆ ಎರಡೂ ಬಂದವು. ಅಣ್ಣ ಅದನ್ನು ನೋಡಿದ. ಅದಾಗಿ ಒಂದು ಚಳಿಗಾಲ ಬದುಕಿದ್ದು, ನಿದ್ದೆಯಲ್ಲೇ ಹೋದ.

ಟೀಚರು ಕೆಲವು ತಿಂಗಳು ಗ್ರಂಥಾಲಯದ ಕಡೆ ತಲೆ ಹಾಕಲಿಲ್ಲ. ನೋಡಬೇಕಾದ ಮನೆಗಳು ಇನ್ನೂ ಬಹಳ ಉಳಿದಿದ್ದವು, ನಿಧಿಯಲ್ಲಿ ಹಣ ಮುಗಿದಿತ್ತು. ಕೊನೆಗೊಂದು ದಿನ ಅವಳು ಬಸ್ಸು ಹತ್ತಿ ಆ ಹೆಂಗಸಿನ ಮನೆಗೆ ಹೋದಳು. ಅಂಗೈ ಮೇಲೆ ಊದಿ ಮುಷ್ಟಿ ಮುಚ್ಚಿದಳು. ಹೆಂಗಸು ಅವಳ ಮುಷ್ಟಿಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ಕೂತಳು. ಇಬ್ಬರೂ ಅತ್ತು ಹಗುರಾದ ಮೇಲೆ ಟೀಚರು ಚೀಲದಿಂದ ಹೊಸ ಅರ್ಜಿ ತೆಗೆದು ಚಾಪೆಯ ಮೇಲೆ ಹರವಿದಳು. ಸಹಸಂಶೋಧಕರು ಎಂಬಲ್ಲಿ ಆಕೆಯ ಹೆಸರು ಬರೆಯುವ ಮುನ್ನ, ಇದು ಏನು, ಯಾಕೆ, ಯಾರ ಮುಂದೆ ಹೋಗಬೇಕಾಗಬಹುದು ಎಂದು ಒಂದೊಂದನ್ನೂ ಕೈಯಲ್ಲಿ ಬಿಡಿಸಿ ಹೇಳಿದಳು. ಹೆಂಗಸು ನಡುನಡುವೆ ತಡೆದು ಪ್ರಶ್ನೆ ಕೇಳಿದಳು. ಪ್ರಶ್ನೆಗಳು ಬಹಳ ಇದ್ದವು.